ಮುಕ್ತ ತಂತ್ರಾಂಶಕ್ಕೆ ಮಕ್ಕಳ ಕೊಡುಗೆ

ಮುಕ್ತ ತಂತ್ರಾಂಶಕ್ಕೆ ಮಕ್ಕಳ ಕೊಡುಗೆ ಎಂದರೆ ಹದಿನೆಂಟು ವರ್ಷ ತುಂಬದ ಬಾಲಕ ಬಾಲಕಿಯರು, ಮುಖ್ಯವಾಗಿ ಶಾಲಾ ವಿದ್ಯಾರ್ಥಿಗಳು, ಮೂಲ ಸಂಕೇತವು ಎಲ್ಲರಿಗೂ ತೆರೆದಿರುವ ತಂತ್ರಾಂಶಗಳ ತಿದ್ದುಪಡಿ, ಅನುವಾದ, ಪರೀಕ್ಷೆ ಮತ್ತು ವಿಸ್ತರಣೆಯಲ್ಲಿ ಪಾಲ್ಗೊಳ್ಳುವುದು. ಈ ಕೊಡುಗೆಗಳು ಸಾಮಾನ್ಯವಾಗಿ ಗಾತ್ರದಲ್ಲಿ ಚಿಕ್ಕವು: ಒಂದು ಅಕ್ಷರದೋಷದ ತಿದ್ದುಪಡಿ, ಒಂದು ಗುಂಡಿಯ ಮೇಲಿನ ಪದದ ಅನುವಾದ, ಒಂದು ಚಿತ್ರ, ಒಂದು ಧ್ವನಿಮುದ್ರಣ, ನಕ್ಷೆಯಲ್ಲಿ ಒಂದು ಊರಿನ ಹೆಸರು ಅಥವಾ ನಾಲ್ಕಾರು ಸಾಲುಗಳ ಸಂಕೇತ.

ಮುಕ್ತ ತಂತ್ರಾಂಶದಲ್ಲಿ ಕೊಡುಗೆಯನ್ನು ಅಳೆಯುವುದು ಕೊಟ್ಟವರ ವಯಸ್ಸಿನಿಂದಲ್ಲ, ಕೊಟ್ಟದ್ದರ ಉಪಯುಕ್ತತೆಯಿಂದ. ಹಿರಿಯ ತಂತ್ರಜ್ಞರ ತಿದ್ದುಪಡಿಯಂತೆಯೇ ಮಗುವಿನ ತಿದ್ದುಪಡಿಯೂ ಪರಿಶೀಲನೆಗೆ ಒಳಪಟ್ಟು, ಒಪ್ಪಿಗೆಯಾದರೆ ಮಾತ್ರ ತಂತ್ರಾಂಶವನ್ನು ಸೇರುತ್ತದೆ. ಈ ಕಾರಣದಿಂದ ಇದನ್ನು ಶಾಲೆಯ ಅಭ್ಯಾಸಪಾಠದಿಂದ ಭಿನ್ನವಾದ, ಸಮಾಜಕ್ಕೆ ನೇರವಾಗಿ ಸಲ್ಲುವ ಕೆಲಸವೆಂದು ಪರಿಗಣಿಸಲಾಗುತ್ತದೆ. ಅದರೊಂದಿಗೆ ಮಕ್ಕಳ ಖಾಸಗಿತನ, ಪಾಲಕರ ಒಪ್ಪಿಗೆ, ಕೃತಿಸ್ವಾಮ್ಯ ಮತ್ತು ಶ್ರಮದ ಮನ್ನಣೆಯ ಪ್ರಶ್ನೆಗಳೂ ಇದರಲ್ಲಿ ಅಡಗಿವೆ. ಕನ್ನಡದಂತಹ ಭಾಷೆಗಳಲ್ಲಿ ಸ್ವಯಂಸೇವಕರ ಸಂಖ್ಯೆ ಕಡಿಮೆಯಾಗಿರುವುದರಿಂದ, ಭಾಷೆಯನ್ನು ದಿನನಿತ್ಯ ಬಳಸುವ ಮಕ್ಕಳ ಸಣ್ಣ ಕೊಡುಗೆಗೂ ಹೆಚ್ಚಿನ ಬೆಲೆಯಿದೆ.

ಪರಿಭಾಷೆ

ತಂತ್ರಾಂಶವನ್ನು ಬರೆದ ಆಜ್ಞೆಗಳ ಪಠ್ಯಕ್ಕೆ ಮೂಲ ಸಂಕೇತ ಎನ್ನುತ್ತಾರೆ. ಈ ಪಠ್ಯವನ್ನು ಯಾರು ಬೇಕಾದರೂ ಓದಲು, ಬದಲಾಯಿಸಲು ಮತ್ತು ಹಂಚಲು ಅವಕಾಶ ನೀಡುವ ಪರವಾನಗಿಯಡಿ ಬಿಡುಗಡೆಯಾದ ತಂತ್ರಾಂಶವೇ ಮುಕ್ತ ತಂತ್ರಾಂಶ. ಬಳಕೆದಾರರ ಸ್ವಾತಂತ್ರ್ಯಕ್ಕೆ ಒತ್ತು ನೀಡುವವರು ‘ಸ್ವತಂತ್ರ ತಂತ್ರಾಂಶ’ ಎಂಬ ಪದವನ್ನೂ, ಅಭಿವೃದ್ಧಿಯ ಕ್ರಮಕ್ಕೆ ಒತ್ತು ನೀಡುವವರು ‘ಮುಕ್ತ ಆಕರ’ ಅಥವಾ ‘ಓಪನ್ ಸೋರ್ಸ್’ ಎಂಬ ಪದವನ್ನೂ ಬಳಸುತ್ತಾರೆ. ಬೆಲೆಯಿಲ್ಲದೆ ದೊರೆಯುವ ಎಲ್ಲ ತಂತ್ರಾಂಶವೂ ಮುಕ್ತ ತಂತ್ರಾಂಶವಲ್ಲ. ಉಚಿತವಾಗಿ ಸಿಗುವ ಅನೇಕ ಮೊಬೈಲ್ ಆಟಗಳ ಮೂಲ ಸಂಕೇತವನ್ನು ನೋಡಲು ಅನುಮತಿಯಿರುವುದಿಲ್ಲ.

ಒಂದು ತಂತ್ರಾಂಶವನ್ನು ನೋಡಿಕೊಳ್ಳುವ ಹೊಣೆ ಹೊತ್ತವರನ್ನು ನಿರ್ವಾಹಕರು ಎನ್ನಲಾಗುತ್ತದೆ. ಹೊರಗಿನವರು ಕಳುಹಿಸುವ ಬದಲಾವಣೆಯ ಪ್ರಸ್ತಾವಕ್ಕೆ ‘ಪ್ಯಾಚ್’ ಅಥವಾ ‘ಪುಲ್ ರಿಕ್ವೆಸ್ಟ್’ ಎಂಬ ಹೆಸರುಗಳಿವೆ. ಕಂಡುಬಂದ ತಪ್ಪನ್ನು ವಿವರಿಸಿ ತಿಳಿಸುವುದು ದೋಷ ವರದಿ. ತಂತ್ರಾಂಶದ ಪದಗಳನ್ನು ಒಂದು ಭಾಷೆಗೂ ಆ ನಾಡಿನ ರೂಢಿಗೂ ಹೊಂದಿಸುವುದು ಸ್ಥಳೀಕರಣ.

ಹಿನ್ನೆಲೆ ಮತ್ತು ಇತಿಹಾಸ

ಮಕ್ಕಳು ಗಣಕವನ್ನು ಬಳಸುವವರು ಮಾತ್ರವಲ್ಲ, ಅದಕ್ಕೆ ಆಜ್ಞೆ ಬರೆಯಬಲ್ಲವರು ಎಂಬ ವಿಚಾರವು 1967ರಲ್ಲಿ ರೂಪುಗೊಂಡ ‘ಲೋಗೊ’ ಭಾಷೆಯಿಂದ ಪ್ರಸಿದ್ಧವಾಯಿತು. ಸೆಮೂರ್ ಪೇಪರ್ಟ್, ವ್ಯಾಲಿ ಫೋರ್‌ಜೈಗ್ ಮತ್ತು ಸಿಂಥಿಯಾ ಸಾಲೊಮನ್ ಇದರ ನಿರ್ಮಾತೃಗಳು. ಪರದೆಯ ಮೇಲಿನ ‘ಆಮೆ’ಗೆ ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಆಜ್ಞಾಪಿಸುತ್ತ ಮಗುವು ರೇಖಾಗಣಿತವನ್ನು ಕಲಿಯುವುದು ಇದರ ಕ್ರಮ. ಇತರರಿಗೆ ತೋರಿಸಬಹುದಾದ ಒಂದು ವಸ್ತುವನ್ನು ಕಟ್ಟುವಾಗ ಮಗುವಿನ ಕಲಿಕೆ ಗಟ್ಟಿಯಾಗುತ್ತದೆ ಎಂಬುದು ಪೇಪರ್ಟ್ ಅವರ ವಾದವಾಗಿತ್ತು.

ಇತ್ತ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನಲ್‌ನ ಮೊದಲ ಆವೃತ್ತಿಯನ್ನು ಹೊರತಂದರು. ‘ಓಪನ್ ಸೋರ್ಸ್’ ಎಂಬ ಪದ 1998ರಲ್ಲಿ ಬಳಕೆಗೆ ಬಂದಿತು. ಅಂತರಜಾಲದ ಮೂಲಕ ನಡೆಯುವ ಈ ಸಹಕಾರದಲ್ಲಿ ಎದುರಿನವರ ವಯಸ್ಸು ತಿಳಿಯುವುದೇ ಅಪರೂಪವಾದ್ದರಿಂದ ಹದಿಹರೆಯದವರು ಸಹಜವಾಗಿಯೇ ಇದರೊಳಗೆ ಬಂದರು. 1986ರಲ್ಲಿ ಜನಿಸಿದ ಅಮೆರಿಕದ ಆರನ್ ಸ್ವಾರ್ಟ್ಜ್, 2000ದ ಡಿಸೆಂಬರ್‌ನಲ್ಲಿ ಪ್ರಕಟವಾದ ಆರ್‌ಎಸ್‌ಎಸ್ 1.0 ನಿರೂಪಣೆಯ ಕರ್ತೃಗಳಲ್ಲಿ ಒಬ್ಬರಾಗಿದ್ದರು. ಆಗ ಅವರಿಗೆ 14 ವರ್ಷ.

ಮಕ್ಕಳಿಗಾಗಿಯೇ ರೂಪುಗೊಂಡ ಮುಕ್ತ ತಂತ್ರಾಂಶಗಳೂ ಇದೇ ಕಾಲದವು. ಕಲಿಕೆಯ ಆಟಗಳ ಸಂಗ್ರಹವಾದ ಜಿಕಾಂಪ್ರಿ 2000ದಲ್ಲಿಯೂ, ಚಿತ್ರಕಲೆಯ ತಂತ್ರಾಂಶವಾದ ಟಕ್ಸ್ ಪೇಂಟ್ 2002ರಲ್ಲಿಯೂ ಆರಂಭವಾದವು. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಮೀಡಿಯಾ ಲ್ಯಾಬ್ 2007ರಲ್ಲಿ ‘ಸ್ಕ್ರ್ಯಾಚ್’ ಅನ್ನು ಸಾರ್ವಜನಿಕವಾಗಿ ಬಿಡುಗಡೆ ಮಾಡಿತು. ಒಂದು ಮಗು ರಚಿಸಿದ ಆಟವನ್ನು ಇನ್ನೊಂದು ಮಗು ತೆರೆದು ನೋಡಿ, ಬದಲಾಯಿಸಿ, ಮೂಲ ಕರ್ತೃವಿನ ಹೆಸರಿನೊಂದಿಗೆ ಮತ್ತೆ ಪ್ರಕಟಿಸಲು ಸ್ಕ್ರ್ಯಾಚ್ ತಾಣದಲ್ಲಿ ಅವಕಾಶವಿದೆ. ಮುಕ್ತ ತಂತ್ರಾಂಶದ ನಡವಳಿಕೆಯನ್ನು ಮಕ್ಕಳು ಮೊದಲು ಪರಿಚಯ ಮಾಡಿಕೊಳ್ಳುವುದು ಬಹುಮಟ್ಟಿಗೆ ಇಲ್ಲಿಯೇ.

ಶಾಲಾ ವಯಸ್ಸಿನವರ ಕೊಡುಗೆಗೆ ವ್ಯವಸ್ಥಿತ ರೂಪ ಕೊಟ್ಟ ದೊಡ್ಡ ಪ್ರಯತ್ನ ‘ಗೂಗಲ್ ಕೋಡ್-ಇನ್’. 2007–08ರಲ್ಲಿ ನಡೆದ ಒಂದು ಸ್ಪರ್ಧೆಯ ಅನುಭವದ ಮೇಲೆ ಇದು 2010ರಲ್ಲಿ ಆರಂಭವಾಗಿ, 2019ರ ಕೊನೆಗೆ ತೊಡಗಿದ ಆವೃತ್ತಿಯೊಂದಿಗೆ ಮುಕ್ತಾಯವಾಯಿತು. 13ರಿಂದ 17 ವರ್ಷದ ವಿದ್ಯಾರ್ಥಿಗಳಿಗೆ ಮೀಸಲಾಗಿದ್ದ ಈ ಕಾರ್ಯಕ್ರಮದಲ್ಲಿ ಮುಕ್ತ ತಂತ್ರಾಂಶ ಸಂಸ್ಥೆಗಳು ಕೆಲವೇ ಗಂಟೆಗಳಲ್ಲಿ ಮುಗಿಯಬಲ್ಲ ಕೆಲಸಗಳನ್ನು ಪಟ್ಟಿ ಮಾಡುತ್ತಿದ್ದವು. ಸಂಕೇತ ರಚನೆಯಷ್ಟೇ ಅಲ್ಲದೆ ದಾಖಲೆ ಬರೆಯುವುದು, ಪರೀಕ್ಷಿಸುವುದು, ವಿನ್ಯಾಸ ಮತ್ತು ಪ್ರಚಾರ ಕೂಡ ಆ ಪಟ್ಟಿಯಲ್ಲಿ ಇರುತ್ತಿದ್ದವು. ಪ್ರತಿ ಕೆಲಸಕ್ಕೂ ಒಬ್ಬ ಮಾರ್ಗದರ್ಶಕರು ಇರುತ್ತಿದ್ದುದು ಇದರ ವೈಶಿಷ್ಟ್ಯ. ದೊಡ್ಡ ಕೆಲಸವನ್ನು ಮಗುವಿಗೆ ಎಟಕುವ ತುಂಡುಗಳಾಗಿ ಒಡೆಯುವುದು ಹಿರಿಯರ ಹೊಣೆ ಎಂಬುದನ್ನು ಈ ಕಾರ್ಯಕ್ರಮ ತೋರಿಸಿಕೊಟ್ಟಿತು.

ಕೊಡುಗೆಯ ಬಗೆಗಳು

ಅನುವಾದ

ಮುಕ್ತ ತಂತ್ರಾಂಶಗಳಲ್ಲಿ ಪರದೆಯ ಮೇಲೆ ಕಾಣುವ ಪದ ಮತ್ತು ವಾಕ್ಯಗಳನ್ನು ಸಾಮಾನ್ಯವಾಗಿ ಮೂಲ ಸಂಕೇತದಿಂದ ಬೇರ್ಪಡಿಸಿ ಪ್ರತ್ಯೇಕ ಕಡತದಲ್ಲಿ ಇಡಲಾಗುತ್ತದೆ. ಒಂದು ಸಾಲಿನಲ್ಲಿ ಇಂಗ್ಲಿಷ್ ಮೂಲ, ಅದರ ಕೆಳಗೆ ಅನುವಾದ ಇರುತ್ತದೆ. ಹೀಗಾಗಿ ಪ್ರೋಗ್ರಾಂ ಬರೆಯಲು ಬಾರದವರೂ ಈ ಕೆಲಸವನ್ನು ಮಾಡಬಲ್ಲರು.

ಕೆಲಸ ಸರಳವಾಗಿ ಕಂಡರೂ ಭಾಷಾಜ್ಞಾನವನ್ನು ಬೇಡುತ್ತದೆ. ಇಂಗ್ಲಿಷಿನಲ್ಲಿ ಊರಿನ ಹೆಸರಿನ ಹಿಂದೆ ಬಿಡಿಪದವೊಂದನ್ನು ಇಟ್ಟರೆ ಸಾಕು. ಕನ್ನಡದಲ್ಲಿ ಹೆಸರಿಗೇ ವಿಭಕ್ತಿ ಪ್ರತ್ಯಯ ಸೇರಬೇಕು. ‘ಬೆಳಗಾವಿ’ಯು ‘ಬೆಳಗಾವಿಯಲ್ಲಿ’ ಎಂದಾಗುತ್ತದೆ, ‘ಖಾನಾಪುರ’ವು ‘ಖಾನಾಪುರದಲ್ಲಿ’ ಎಂದಾಗುತ್ತದೆ. ಒಂದರಲ್ಲಿ ಯಕಾರ, ಇನ್ನೊಂದರಲ್ಲಿ ದಕಾರ. ತಂತ್ರಾಂಶವು ಊರಿನ ಹೆಸರನ್ನು ಪಟ್ಟಿಯಿಂದ ಎತ್ತಿಕೊಂಡು ವಾಕ್ಯದ ಖಾಲಿ ಜಾಗದಲ್ಲಿ ಇಡುವುದರಿಂದ ‘ಖಾನಾಪುರ ಅಲ್ಲಿ ಮಳೆ’ ಎಂಬಂತಹ ವಾಕ್ಯಗಳು ಪರದೆಯ ಮೇಲೆ ಮೂಡುತ್ತವೆ. ಕನ್ನಡ ಮಾತನಾಡುವ ಮಗುವಿಗೆ ಇದು ತಪ್ಪೆಂದು ಕೂಡಲೇ ತಿಳಿಯುತ್ತದೆ, ಕನ್ನಡ ಅರಿಯದ ನಿರ್ವಾಹಕರಿಗೆ ತಿಳಿಯುವುದಿಲ್ಲ. ವಾಕ್ಯವನ್ನು ‘ಸ್ಥಳ: ಖಾನಾಪುರ, ಹವಾಮಾನ: ಮಳೆ’ ಎಂದು ಮಾರ್ಪಡಿಸಿದರೆ ಪ್ರತ್ಯಯದ ತೊಡಕೇ ಉಳಿಯುವುದಿಲ್ಲ. ಇದು ಒಂದೇ ಸಾಲಿನ ತಿದ್ದುಪಡಿ. ಆದರೆ ಆ ತಂತ್ರಾಂಶವನ್ನು ಬಳಸುವ ಎಲ್ಲ ಕನ್ನಡಿಗರಿಗೂ ತಲಪುತ್ತದೆ.

ಆಜ್ಞಾರ್ಥದ ರೂಪವನ್ನು ಕುರಿತ ಪ್ರಶ್ನೆಯೂ ಇಂತಹುದೇ. ಒಂದು ಗುಂಡಿಯ ಮೇಲೆ ‘ಅಳಿಸು’ ಎಂದೂ ಪಕ್ಕದ ಗುಂಡಿಯ ಮೇಲೆ ‘ಉಳಿಸಿ’ ಎಂದೂ ಇದ್ದರೆ ಏಕವಚನ, ಬಹುವಚನಗಳು ಬೆರೆತು ಓದುಗರಿಗೆ ಇರಿಸುಮುರಿಸಾಗುತ್ತದೆ. ಒಂದು ತಂತ್ರಾಂಶದ ಉದ್ದಕ್ಕೂ ಒಂದೇ ರೂಪವನ್ನು ಪಾಲಿಸಬೇಕಾಗುತ್ತದೆ. ವ್ಯಾಕರಣ ಪಾಠವನ್ನು ಕಲಿತ ಪ್ರೌಢಶಾಲೆಯ ಮಕ್ಕಳು ಇಂತಹ ಅಸಂಗತಿಗಳನ್ನು ಹುಡುಕಿ ಪಟ್ಟಿ ಮಾಡಬಲ್ಲರು.

ದೋಷ ವರದಿ

ಸಂಕೇತವನ್ನು ಮುಟ್ಟದೆಯೇ ನೀಡಬಹುದಾದ ಕೊಡುಗೆ ಇದು. ಒಳ್ಳೆಯ ದೋಷ ವರದಿಯಲ್ಲಿ ಮೂರು ಅಂಶಗಳಿರುತ್ತವೆ: ಏನು ಮಾಡಿದಾಗ ತಪ್ಪು ಕಂಡಿತು, ಏನಾಗಬೇಕಿತ್ತು, ಏನಾಯಿತು. ವಿಜ್ಞಾನದ ಪ್ರಯೋಗವನ್ನು ದಾಖಲಿಸುವ ಕ್ರಮವನ್ನೇ ಇದು ಹೋಲುತ್ತದೆ.

ಕನ್ನಡ ಲಿಪಿಗೆ ಸಂಬಂಧಿಸಿದ ದೋಷಗಳು ಇದಕ್ಕೆ ಉತ್ತಮ ಉದಾಹರಣೆ. ಯೂನಿಕೋಡ್ ಕ್ರಮದಲ್ಲಿ ‘ರ’ಕಾರದ ಮುಂದೆ ಹಲಂತ ಮತ್ತು ವ್ಯಂಜನ ಬಂದಾಗ ಅದು ಸಾಮಾನ್ಯವಾಗಿ ಅರ್ಕಾವತ್ತಾಗಿ ಮೂಡುತ್ತದೆ, ‘ಸೂರ್ಯ’ ಎಂಬ ಪದದಲ್ಲಿ ಇದು ಸರಿ. ‘ರ‍್ಯಾಂಕ್’, ‘ರ‍್ಯಾಲಿ’ ಎಂಬ ಪದಗಳಲ್ಲಿ ‘ರ’ ಪೂರ್ಣಾಕ್ಷರವಾಗಿ ನಿಂತು ‘ಯ’ ಒತ್ತಾಗಿ ಬರಬೇಕು. ಇದಕ್ಕಾಗಿ ಕಣ್ಣಿಗೆ ಕಾಣದ ಒಂದು ಜೋಡಣೆ ಚಿಹ್ನೆಯನ್ನು ಸೇರಿಸಬೇಕಾಗುತ್ತದೆ. ಆ ಚಿಹ್ನೆ ಬಿಟ್ಟುಹೋದರೆ ಪದವು ‘ರ್ಯಾಂಕ್’ ಎಂದು ಅರ್ಕಾವತ್ತಿನೊಂದಿಗೆ ಕಾಣಿಸಿಕೊಳ್ಳುತ್ತದೆ. ಒತ್ತಕ್ಷರ ಪಕ್ಕಕ್ಕೆ ಸರಿಯುವುದು, ಎರಡು ಒತ್ತುಗಳು ಒಂದರ ಮೇಲೊಂದು ಬೀಳುವುದು, ಕೆಳಗಿನ ಸಾಲಿಗೆ ತಾಗಿ ಕತ್ತರಿಸಿದಂತೆ ಕಾಣುವುದು ಮುಂತಾದ ದೋಷಗಳನ್ನೂ ಓದಲು ಬಲ್ಲ ಮಗು ಗುರುತಿಸಬಹುದು.

ಚಿತ್ರ ಮತ್ತು ಧ್ವನಿ

ಜಿಕಾಂಪ್ರಿಯಂತಹ ಶೈಕ್ಷಣಿಕ ತಂತ್ರಾಂಶಗಳಿಗೆ ಪ್ರತಿ ಭಾಷೆಯಲ್ಲಿಯೂ ಅಕ್ಷರಗಳ, ಅಂಕಿಗಳ ಮತ್ತು ಪದಗಳ ಉಚ್ಚಾರಣೆಯ ಧ್ವನಿಮುದ್ರಣ ಬೇಕಾಗುತ್ತದೆ. ಆಟದಲ್ಲಿ ಬಳಸಲು ಆಯಾ ಭಾಷೆಯ ಸರಳ ಪದಗಳ ಪಟ್ಟಿಯೂ ಬೇಕು. ಈ ಪಟ್ಟಿಯನ್ನು ಇಂಗ್ಲಿಷಿನಿಂದ ಅನುವಾದಿಸಿದರೆ ಪ್ರಯೋಜನವಿಲ್ಲ. ಕನ್ನಡ ಕಲಿಯುವ ಮಗುವಿಗೆ ‘ಅರಸ’, ‘ಆಟ’, ‘ಇಲಿ’, ‘ಈಶ’ ಎಂಬಂತೆ ವರ್ಣಮಾಲೆಯ ಕ್ರಮದಲ್ಲಿ ಒತ್ತಕ್ಷರವಿಲ್ಲದ ಪದಗಳು ಮೊದಲು ಬರಬೇಕು. ಯಾವ ಪದ ಸುಲಭ, ಯಾವುದು ಕಠಿಣ ಎಂಬುದನ್ನು ಪ್ರಾಥಮಿಕ ಶಾಲೆಯ ಮಕ್ಕಳು ಹಿರಿಯರಿಗಿಂತ ಚೆನ್ನಾಗಿ ಹೇಳಬಲ್ಲರು. ಟಕ್ಸ್ ಪೇಂಟ್‌ನಲ್ಲಿ ಒತ್ತಿ ಮೂಡಿಸುವ ‘ಮೊಹರು’ ಚಿತ್ರಗಳಿಗೂ ಅವುಗಳ ವಿವರಣೆಯ ಸಾಲುಗಳಿಗೂ ಇದೇ ಬಗೆಯ ಕೊಡುಗೆ ಸಲ್ಲುತ್ತದೆ.

ನಕ್ಷೆ ಮತ್ತು ಸ್ಥಳನಾಮ

2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ತಂತ್ರಾಂಶವಲ್ಲ, ಮುಕ್ತ ದತ್ತಾಂಶ. ಆದರೂ ಅನೇಕ ಮುಕ್ತ ತಂತ್ರಾಂಶಗಳು ಅದನ್ನೇ ಆಧರಿಸಿರುವುದರಿಂದ ಅದಕ್ಕೆ ಸಲ್ಲಿಸುವ ಕೊಡುಗೆಯನ್ನೂ ಇದರೊಂದಿಗೆ ಎಣಿಸಲಾಗುತ್ತದೆ. ಅದರಲ್ಲಿ ಒಂದೇ ಸ್ಥಳಕ್ಕೆ ಭಾಷೆಗೊಂದರಂತೆ ಬೇರೆ ಬೇರೆ ಹೆಸರಿನ ಜಾಗಗಳಿವೆ. ತಮ್ಮ ಊರಿನ ಶಾಲೆ, ಕೆರೆ, ಬಸ್ ನಿಲ್ದಾಣ, ಅಂಚೆ ಕಚೇರಿಗಳನ್ನು ನಕ್ಷೆಯಲ್ಲಿ ಗುರುತಿಸಿ ಕನ್ನಡದ ಹೆಸರನ್ನು ಸೇರಿಸುವುದು ಮಕ್ಕಳಿಗೆ ಭೂಗೋಳದ ಪಾಠವೂ ಆಗುತ್ತದೆ.

ಸಂಕೇತ ರಚನೆ

ಆಜ್ಞೆ ಬರೆಯಬಲ್ಲ ಹಿರಿಯ ವಿದ್ಯಾರ್ಥಿಗಳು ಚಿಕ್ಕ ದೋಷಗಳನ್ನು ನೇರವಾಗಿ ತಿದ್ದುತ್ತಾರೆ. ಹೊಸಬರಿಗೆ ಸೂಕ್ತವಾದ ಕೆಲಸಗಳನ್ನು ನಿರ್ವಾಹಕರು ‘ಮೊದಲ ಕೆಲಸ’ ಎಂಬ ಅರ್ಥದ ಗುರುತು ಹಚ್ಚಿ ಇಡುವ ರೂಢಿ ಅನೇಕ ಯೋಜನೆಗಳಲ್ಲಿದೆ.

ಕೆಲಸದ ಕ್ರಮ

ಮುಕ್ತ ತಂತ್ರಾಂಶದ ಬದಲಾವಣೆಗಳ ಇತಿಹಾಸವನ್ನು ಕಾಪಾಡಲು ಹೆಚ್ಚಾಗಿ ಬಳಕೆಯಾಗುವ ಸಾಧನ ‘ಗಿಟ್’. ಲಿನಸ್ ಟೋರ್ವಾಲ್ಡ್ಸ್ ಇದನ್ನು 2005ರಲ್ಲಿ ರಚಿಸಿದರು. ಯಾವ ಸಾಲನ್ನು ಯಾರು, ಯಾವಾಗ, ಏಕೆ ಬದಲಾಯಿಸಿದರು ಎಂಬುದು ಇದರಲ್ಲಿ ದಾಖಲಾಗುತ್ತದೆ. ಕೊಡುಗೆ ನೀಡುವವರು ಮೂಲದ ಒಂದು ಪ್ರತಿಯನ್ನು ಪಡೆದು, ಅದರಲ್ಲಿ ತಿದ್ದುಪಡಿ ಮಾಡಿ, ಕಾರಣವನ್ನು ಒಂದೆರಡು ವಾಕ್ಯಗಳಲ್ಲಿ ಬರೆದು ನಿರ್ವಾಹಕರಿಗೆ ಕಳುಹಿಸುತ್ತಾರೆ. ನಿರ್ವಾಹಕರು ಅದನ್ನು ಪರಿಶೀಲಿಸಿ ಸ್ವೀಕರಿಸಬಹುದು, ಮಾರ್ಪಾಡು ಕೇಳಬಹುದು ಅಥವಾ ಕಾರಣ ನೀಡಿ ತಿರಸ್ಕರಿಸಬಹುದು.

ಈ ಪರಿಶೀಲನೆಯೇ ಮಕ್ಕಳ ಕಲಿಕೆಯ ಮುಖ್ಯ ಭಾಗ. ಶಾಲೆಯ ಉತ್ತರಪತ್ರಿಕೆಯಲ್ಲಿ ತಪ್ಪಿಗೆ ಅಂಕ ಕಡಿತವಾಗಿ ಅಲ್ಲಿಗೆ ವಿಷಯ ಮುಗಿಯುತ್ತದೆ. ಇಲ್ಲಿ ತಪ್ಪನ್ನು ತಿದ್ದಿ ಮತ್ತೆ ಕಳುಹಿಸುವುದು ಸಹಜ ಕ್ರಮ. ಹಿರಿಯರ ಬರಹವೂ ಇದೇ ರೀತಿ ತಿದ್ದುಪಡಿಗೆ ಒಳಗಾಗುವುದನ್ನು ಮಗು ಕಣ್ಣಾರೆ ಕಾಣುತ್ತದೆ.

ಅಂತರಜಾಲ ಸಂಪರ್ಕ ದುರ್ಬಲವಾಗಿರುವ ಊರುಗಳಲ್ಲಿ ಕೆಲಸದ ಬಹುಭಾಗವನ್ನು ಸಂಪರ್ಕವಿಲ್ಲದೆಯೇ ನಡೆಸಬಹುದು. ಅನುವಾದದ ಕಡತವನ್ನು ಒಮ್ಮೆ ಇಳಿಸಿಕೊಂಡು, ಅಗತ್ಯಬಿದ್ದರೆ ಮುದ್ರಿಸಿ, ತರಗತಿಯಲ್ಲಿ ಚರ್ಚಿಸಿ, ಒಪ್ಪಿತವಾದ ರೂಪವನ್ನು ಶಿಕ್ಷಕರು ಅಥವಾ ಪಾಲಕರು ನಂತರ ಸೇರಿಸಬಹುದು. ಹೀಗೆ ಮಾಡುವಾಗ ಶ್ರಮ ಯಾರದು ಎಂಬುದು ಮರೆಯಾಗುವ ಅಪಾಯವಿದೆ. ಗಿಟ್‌ನಲ್ಲಿ ಬದಲಾವಣೆಯನ್ನು ರಚಿಸಿದವರ ಹೆಸರಿಗೂ ಅದನ್ನು ಭಂಡಾರಕ್ಕೆ ಸೇರಿಸಿದವರ ಹೆಸರಿಗೂ ಪ್ರತ್ಯೇಕ ಜಾಗಗಳಿವೆ; ಸಹಕರ್ತೃಗಳ ಹೆಸರನ್ನು ನಮೂದಿಸುವ ರೂಢಿಯೂ ಇದೆ. ಆದ್ದರಿಂದ ಶಿಕ್ಷಕರ ಕೈಯಿಂದ ಸೇರಿದ ಕೊಡುಗೆಯಲ್ಲಿಯೂ ಮಗುವಿಗೆ, ಪಾಲಕರು ಒಪ್ಪಿದ ಹೆಸರಿನಲ್ಲಿ, ಮನ್ನಣೆ ಸಲ್ಲಿಸಲು ಸಾಧ್ಯ.

ಕನ್ನಡದ ಸಂದರ್ಭ

ಕರ್ನಾಟಕ

ಗ್ನೋಮ್, ಕೆಡಿಇ, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಮುಂತಾದ ಮುಕ್ತ ತಂತ್ರಾಂಶಗಳ ಕನ್ನಡ ರೂಪಗಳು ಬಹುಮಟ್ಟಿಗೆ ಸ್ವಯಂಸೇವಕರ ಶ್ರಮದಿಂದ ಬಂದವು. ಗುಬ್ಬಿ, ನವಿಲು, ಲೋಹಿತ್ ಕನ್ನಡ ಮೊದಲಾದ ಮುಕ್ತ ಅಕ್ಷರವಿನ್ಯಾಸಗಳು ಕನ್ನಡದಲ್ಲಿ ಲಭ್ಯವಿವೆ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಅದರ ಹಿಂದಿರುವ ಮೀಡಿಯಾವಿಕಿ ಕೂಡ ಮುಕ್ತ ತಂತ್ರಾಂಶವೇ.

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಸಂಬಂಧಿಸಿದಂತೆ ಗಮನಾರ್ಹವಾದುದು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಯೋಜನೆ. 2010ರ ದಶಕದಲ್ಲಿ ಐಟಿ ಫಾರ್ ಚೇಂಜ್ ಸಂಸ್ಥೆಯು ರಾಜ್ಯದ ಶಿಕ್ಷಣ ಇಲಾಖೆಯೊಂದಿಗೆ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ಮುಕ್ತ ತಂತ್ರಾಂಶಗಳ ತರಬೇತಿ ನೀಡಿ, ಅವರಿಂದಲೇ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಪಾಠ ಸಾಮಗ್ರಿಯನ್ನು ಬರೆಯಿಸುವ ಕ್ರಮವನ್ನು ರೂಪಿಸಿತು. ಇಲ್ಲಿ ಕೊಡುಗೆ ನೀಡಿದವರು ಶಿಕ್ಷಕರು. ಆದರೂ ಉಬುಂಟು ಕಾರ್ಯಾಚರಣ ವ್ಯವಸ್ಥೆ ಮತ್ತು ಕಲಿಕೆಯ ಮುಕ್ತ ತಂತ್ರಾಂಶಗಳು ಕನ್ನಡ ಮಾಧ್ಯಮದ ತರಗತಿಯನ್ನು ಪ್ರವೇಶಿಸಲು ಇದು ಒಂದು ದಾರಿಯಾಯಿತು. ಶಿಕ್ಷಕರ ಕೈಗೆ ಬಾರದ ಸಾಧನ ಮಕ್ಕಳ ಕೈಗೂ ಬಾರದು.

ಕೇಂದ್ರ ಸರ್ಕಾರದ 2012ರ ಶಾಲಾ ಶಿಕ್ಷಣದ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ನೀತಿಯು ಮುಕ್ತ ತಂತ್ರಾಂಶದ ಬಳಕೆಗೆ ಪ್ರೋತ್ಸಾಹ ನೀಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾಧ್ಯಮಿಕ ಪೂರ್ವದ ಹಂತದಲ್ಲಿಯೇ ಮಕ್ಕಳಿಗೆ ಸಂಕೇತ ರಚನೆಯನ್ನು ಪರಿಚಯಿಸುವ ಆಶಯವನ್ನು ವ್ಯಕ್ತಪಡಿಸಿದೆ.

ಕಾಸರಗೋಡು

ಕನ್ನಡ ಮಕ್ಕಳು ಶಾಲೆಯ ಪಠ್ಯಕ್ರಮದ ಭಾಗವಾಗಿಯೇ ಮುಕ್ತ ತಂತ್ರಾಂಶವನ್ನು ಕಲಿಯುವ ಸ್ಪಷ್ಟ ನಿದರ್ಶನ ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯಲ್ಲಿದೆ. ಕೇರಳ ಸರ್ಕಾರವು 2001ರಲ್ಲಿ ‘ಐಟಿ@ಸ್ಕೂಲ್’ ಯೋಜನೆಯನ್ನು ಆರಂಭಿಸಿ, ಕಾಲಕ್ರಮದಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಗಣಕ ಶಿಕ್ಷಣವನ್ನು ಸ್ವತಂತ್ರ ತಂತ್ರಾಂಶಕ್ಕೆ ಬದಲಾಯಿಸಿತು. 2017ರಲ್ಲಿ ಈ ಯೋಜನೆ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಕೇರಳದ ಪಠ್ಯಕ್ರಮವನ್ನೇ ಅನುಸರಿಸುವುದರಿಂದ ಅಲ್ಲಿನ ಮಕ್ಕಳಿಗೆ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕ ಕನ್ನಡದಲ್ಲಿ ದೊರೆಯುತ್ತದೆ, ಪ್ರಯೋಗಾಲಯದಲ್ಲಿ ಗ್ನೂ/ಲಿನಕ್ಸ್ ಇರುತ್ತದೆ.

2018ರಲ್ಲಿ ಆರಂಭವಾದ ‘ಲಿಟ್ಲ್ ಕೈಟ್ಸ್’ ಪ್ರೌಢಶಾಲಾ ವಿದ್ಯಾರ್ಥಿಗಳ ಮಾಹಿತಿ ತಂತ್ರಜ್ಞಾನ ಸಂಘ. ಎಂಟನೆಯ ತರಗತಿಯಲ್ಲಿ ಆಯ್ಕೆಯಾದ ಮಕ್ಕಳಿಗೆ ಅನಿಮೇಶನ್, ಯಂತ್ರಾಂಶ, ಭಾಷಾ ಗಣಕೀಕರಣ ಮುಂತಾದ ವಿಷಯಗಳಲ್ಲಿ ತರಬೇತಿ ದೊರೆಯುತ್ತದೆ. ಮೀಡಿಯಾವಿಕಿಯ ಮೇಲೆ ನಿರ್ಮಿತವಾದ ‘ಸ್ಕೂಲ್‌ವಿಕಿ’ಯಲ್ಲಿ ತಮ್ಮ ಶಾಲೆಯ ಪುಟವನ್ನು ಬೆಳೆಸುವುದೂ ಮಕ್ಕಳ ಚಟುವಟಿಕೆಗಳಲ್ಲಿ ಸೇರಿದೆ.

ಬೆಳಗಾವಿ ಮತ್ತು ಖಾನಾಪುರ

ಬೆಳಗಾವಿ ನಗರವು 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನ. ನಗರದಲ್ಲಿ ಹಲವು ಎಂಜಿನಿಯರಿಂಗ್ ಕಾಲೇಜುಗಳಿವೆ. ಇಲ್ಲಿಂದ ದಕ್ಷಿಣಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿ ಮಲಪ್ರಭಾ ನದಿಯ ದಂಡೆಯ ಮೇಲಿರುವ ಖಾನಾಪುರವು, ಪಶ್ಚಿಮ ಘಟ್ಟದ ಅರಣ್ಯವನ್ನು ಒಳಗೊಂಡ ತಾಲ್ಲೂಕಿನ ಕೇಂದ್ರ. ಮಲಪ್ರಭೆ ಹುಟ್ಟುವ ಕಣಕುಂಬಿಯೂ ಭೀಮಗಡ ವನ್ಯಜೀವಿಧಾಮವೂ ಇದೇ ತಾಲ್ಲೂಕಿನಲ್ಲಿವೆ. ತಂತ್ರಜ್ಞಾನದ ಶಿಕ್ಷಣ ನಗರದಲ್ಲಿ ನೆಲೆಗೊಂಡಿದ್ದರೆ, ದಾಖಲಾಗಬೇಕಾದ ಊರು, ಹಳ್ಳ, ಮರ, ಹಕ್ಕಿಗಳ ಹೆಸರುಗಳ ಅರಿವು ಕಾಡಂಚಿನ ಹಳ್ಳಿಗಳ ಮನೆಗಳಲ್ಲಿದೆ.

ಈ ಭಾಗದಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಭಾಷೆಗಳು ಅಕ್ಕಪಕ್ಕದಲ್ಲಿ ಬಳಕೆಯಲ್ಲಿವೆ. ಕನ್ನಡ ಮತ್ತು ಮರಾಠಿ ಮಾಧ್ಯಮದ ಶಾಲೆಗಳು ಒಂದೇ ಊರಿನಲ್ಲಿ ಇರುವುದುಂಟು. ಎರಡು ಭಾಷೆಗಳನ್ನು ಬಲ್ಲ ಮಗುವಿಗೆ ಸ್ಥಳೀಕರಣದಲ್ಲಿ ಸಹಜವಾದ ಅನುಕೂಲವಿದೆ. ತಾಲ್ಲೂಕಿನ ಹೆಸರು ಕನ್ನಡದಲ್ಲಿ ‘ಪುರ’ ಎಂದು ಹ್ರಸ್ವವಾಗಿಯೂ ಮರಾಠಿಯಲ್ಲಿ ‘ಪೂರ’ ಎಂದು ದೀರ್ಘವಾಗಿಯೂ ಬರೆಯಲ್ಪಡುತ್ತದೆ. ಕದಂಬರ ಎರಡನೆಯ ರಾಜಧಾನಿಯಾಗಿದ್ದ ಪಲಾಶಿಕೆಯು ಇಂದು ಕನ್ನಡದಲ್ಲಿ ಹಲಸಿ, ಮರಾಠಿಯಲ್ಲಿ ಹಲಶಿ. ಒಂದು ಭಾಷೆಯ ರೂಪವನ್ನು ಇನ್ನೊಂದು ಲಿಪಿಗೆ ಯಂತ್ರದಂತೆ ಇಳಿಸಿದರೆ ಎರಡೂ ಕೆಡುತ್ತವೆ. ಭಾಷೆಗೊಂದು ಪ್ರತ್ಯೇಕ ಜಾಗವಿರುವ ಮುಕ್ತ ನಕ್ಷೆಯಲ್ಲಿ ಎರಡು ರೂಪಗಳೂ ಒಂದನ್ನೊಂದು ಅಳಿಸದೆ ಉಳಿಯಬಲ್ಲವು. ಹೆಸರಿನ ವಿಷಯ ಸೂಕ್ಷ್ಮವಾಗಿರುವ ಗಡಿಭಾಗದಲ್ಲಿ ಇದು ಮಕ್ಕಳಿಗೆ ಕಲಿಸಬೇಕಾದ ಮೊದಲ ಶಿಸ್ತು: ತಮ್ಮ ಭಾಷೆಯ ಹೆಸರನ್ನು ಸೇರಿಸಬೇಕು, ಇನ್ನೊಬ್ಬರದನ್ನು ತೆಗೆಯಬಾರದು.

2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರುಗಳ ಇಂಗ್ಲಿಷ್ ರೂಪವನ್ನು ಅಧಿಕೃತವಾಗಿ ಬದಲಾಯಿಸಲಾಯಿತು. ‘ಬೆಳಗಾಂ’ ಎಂಬುದು ‘ಬೆಳಗಾವಿ’ಯಾದದ್ದು ಆಗಲೇ. ತಂತ್ರಾಂಶಗಳ ಊರಪಟ್ಟಿಗಳಲ್ಲಿ ಇಂತಹ ಹಳೆಯ ರೂಪ ಕಂಡುಬಂದರೆ ಅಧಿಕೃತ ಆಧಾರವನ್ನು ಉಲ್ಲೇಖಿಸಿ ತಿದ್ದುಪಡಿ ಸೂಚಿಸುವುದು, ಶಾಲಾ ಮಕ್ಕಳು ನೀಡಬಲ್ಲ ಸಣ್ಣ ಕೊಡುಗೆಗೆ ತಕ್ಕ ಮಾದರಿ.

ಕಾನೂನು ಮತ್ತು ಸುರಕ್ಷತೆ

ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಕೃತಿಯ ಮೊದಲ ಒಡೆತನ ಸಾಮಾನ್ಯವಾಗಿ ಅದರ ಕರ್ತೃವಿನದು. ಇದಕ್ಕೆ ವಯಸ್ಸಿನ ಮಿತಿಯಿಲ್ಲ. ಹತ್ತು ವರ್ಷದ ಮಗು ಬರೆದ ಸಂಕೇತಕ್ಕೂ ಬಿಡಿಸಿದ ಚಿತ್ರಕ್ಕೂ ಆ ಮಗುವೇ ಒಡೆಯ. ಆದರೆ 1872ರ ಭಾರತೀಯ ಕರಾರು ಅಧಿನಿಯಮದ 11ನೆಯ ಕಲಮಿನಂತೆ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. 1903ರ ಮೋಹರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಅಪ್ರಾಪ್ತರ ಕರಾರು ಅಸಿಂಧುವೆಂದು ತೀರ್ಮಾನಿಸಿತು. ಕೆಲವು ತಂತ್ರಾಂಶ ಯೋಜನೆಗಳು ಕೊಡುಗೆದಾರರಿಂದ ಒಪ್ಪಂದಪತ್ರಕ್ಕೆ ಸಹಿ ಕೇಳುತ್ತವೆ. ಅಂತಹ ಸಂದರ್ಭದಲ್ಲಿ ಪಾಲಕರ ಒಪ್ಪಿಗೆ ಪಡೆಯುವುದು ವಾಡಿಕೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸುತ್ತದೆ. ಅವರ ವೈಯಕ್ತಿಕ ದತ್ತಾಂಶವನ್ನು ಬಳಸಲು ಪಾಲಕರ ಪರಿಶೀಲನಾರ್ಹ ಸಮ್ಮತಿ ಬೇಕೆಂದು ಅದರ 9ನೆಯ ಕಲಮು ವಿಧಿಸುತ್ತದೆ. ಗಿಟ್‌ಹಬ್ ತಾಣದಲ್ಲಿ ಖಾತೆ ತೆರೆಯಲು ಕನಿಷ್ಠ 13 ವರ್ಷ ಆಗಿರಬೇಕು. ಅದಕ್ಕಿಂತ ಚಿಕ್ಕವರು ಖಾತೆ ತೆರೆಯುವಂತಿಲ್ಲವಾದ್ದರಿಂದ ಅವರ ಕೆಲಸ ಹಿರಿಯರ ಮೂಲಕವೇ ಸೇರಬೇಕಾಗುತ್ತದೆ. ವಿಕಿಪೀಡಿಯದಲ್ಲಿ ಸಂಪಾದನೆಗೆ ಇಂತಹ ಕನಿಷ್ಠ ವಯಸ್ಸಿಲ್ಲ.

ಗಿಟ್‌ನ ಇತಿಹಾಸದಲ್ಲಿ ಹೆಸರು ಮತ್ತು ಮಿಂಚಂಚೆ ವಿಳಾಸ ಶಾಶ್ವತವಾಗಿ ಉಳಿಯುತ್ತವೆ. ಭಂಡಾರದ ಪ್ರತಿಗಳು ಲೋಕದ ನಾನಾ ಕಡೆ ಹರಡುವುದರಿಂದ ಒಮ್ಮೆ ಸೇರಿದ ವಿವರವನ್ನು ಹಿಂತೆಗೆಯುವುದು ಬಹು ಕಷ್ಟ. ಈ ಕಾರಣದಿಂದ ಮಕ್ಕಳ ಪೂರ್ಣ ಹೆಸರು, ಶಾಲೆ, ಊರು, ಛಾಯಾಚಿತ್ರಗಳನ್ನು ನೀಡದೆ, ಮೊದಲ ಹೆಸರು ಅಥವಾ ಅಂಕಿತನಾಮವನ್ನು ಮಾತ್ರ ಬಳಸುವುದು ಸುರಕ್ಷಿತ. ಧ್ವನಿಮುದ್ರಣವೂ ವೈಯಕ್ತಿಕ ಗುರುತೇ ಆಗಿರುವುದರಿಂದ ಅದಕ್ಕೂ ಇದೇ ಎಚ್ಚರ ಅನ್ವಯಿಸುತ್ತದೆ.

ಟೀಕೆಗಳು

ಸಣ್ಣ ಕೊಡುಗೆಯೂ ನಿರ್ವಾಹಕರ ಸಮಯವನ್ನು ಬೇಡುತ್ತದೆ. ಪ್ರತಿವರ್ಷ ಅಕ್ಟೋಬರ್‌ನಲ್ಲಿ ನಡೆಯುವ ‘ಹ್ಯಾಕ್ಟೋಬರ್‌ಫೆಸ್ಟ್’ ಕಾರ್ಯಕ್ರಮದಲ್ಲಿ ನಿರ್ದಿಷ್ಟ ಸಂಖ್ಯೆಯ ಪ್ರಸ್ತಾವಗಳನ್ನು ಸಲ್ಲಿಸಿದವರಿಗೆ ಟೀ ಶರ್ಟ್ ನೀಡಲಾಗುತ್ತಿತ್ತು. 2020ರಲ್ಲಿ ಬಹುಮಾನಕ್ಕಾಗಿಯೇ ಅರ್ಥವಿಲ್ಲದ ಬದಲಾವಣೆಗಳ ಪ್ರವಾಹ ಹರಿದು ನಿರ್ವಾಹಕರು ಬೇಸತ್ತರು. ಒಪ್ಪಿಗೆ ಸೂಚಿಸಿದ ಯೋಜನೆಗಳು ಮಾತ್ರ ಪಾಲ್ಗೊಳ್ಳುವಂತೆ ಸಂಘಟಕರು ಆ ತಿಂಗಳ ಆರಂಭದಲ್ಲಿಯೇ ನಿಯಮವನ್ನು ಬದಲಾಯಿಸಬೇಕಾಯಿತು. ಬಹುಮಾನ ಮತ್ತು ಪ್ರಮಾಣಪತ್ರಗಳ ಆಸೆಗೆ ಮಕ್ಕಳನ್ನು ತೊಡಗಿಸಿದರೆ ಇದೇ ಫಲ ದೊರೆಯುತ್ತದೆ ಎಂಬುದು ಟೀಕಾಕಾರರ ಅಭಿಪ್ರಾಯ.

ಮಗುವಿನ ಹೆಸರಿನಲ್ಲಿ ಹಿರಿಯರೇ ಕೆಲಸ ಮಾಡಿ ಪ್ರದರ್ಶಿಸುವುದು ಎರಡನೆಯ ದೋಷ. ತಾನು ಮಾಡಿದ ಬದಲಾವಣೆ ಏನು, ಏಕೆ ಎಂಬುದನ್ನು ಮಗುವು ತನ್ನ ಮಾತಿನಲ್ಲಿ ವಿವರಿಸಲಾರದಿದ್ದರೆ ಅದನ್ನು ಆ ಮಗುವಿನ ಕೊಡುಗೆ ಎನ್ನಲಾಗದು. ಯಂತ್ರಾನುವಾದ ಅಥವಾ ಕೃತಕ ಬುದ್ಧಿಮತ್ತೆಯ ಸಾಧನ ನೀಡಿದ ಪಠ್ಯವನ್ನು ಓದದೆ ಸಲ್ಲಿಸುವುದಕ್ಕೂ ಇದೇ ಮಾತು ಸಲ್ಲುತ್ತದೆ.

ಸಂಬಳವಿಲ್ಲದ ಶ್ರಮದ ಪ್ರಶ್ನೆಯೂ ಇದೆ. ಮುಕ್ತ ತಂತ್ರಾಂಶವನ್ನು ದೊಡ್ಡ ಕಂಪನಿಗಳೂ ಲಾಭಕ್ಕಾಗಿ ಬಳಸುತ್ತವೆ. ಆದ್ದರಿಂದ ಮಗು ಮತ್ತು ಅದರ ಸಮುದಾಯ ಸ್ವತಃ ಬಳಸುವ ತಂತ್ರಾಂಶಕ್ಕೆ, ಮಗುವಿನ ಇಚ್ಛೆಯಿಂದ, ಓದು ಮತ್ತು ಆಟಕ್ಕೆ ಅಡ್ಡಿಯಾಗದಂತೆ ಕೊಡುಗೆ ನೀಡುವುದು ಉಚಿತವೆಂಬ ವಾದವಿದೆ. ಮನೆಯಲ್ಲಿ ಗಣಕ, ವಿದ್ಯುತ್ ಮತ್ತು ಅಂತರಜಾಲ ಇರುವ ನಗರದ ಮಕ್ಕಳಿಗೆ ಈ ದಾರಿ ಸುಲಭವಾಗಿಯೂ, ಪಾಲಕರ ಒಂದೇ ಮೊಬೈಲನ್ನು ಹಂಚಿಕೊಳ್ಳುವ ಹಳ್ಳಿಯ ಮಕ್ಕಳಿಗೆ ದುರ್ಗಮವಾಗಿಯೂ ಇದೆ. ಪ್ರತ್ಯಯದ ತಪ್ಪನ್ನೂ ಊರಿನ ಸರಿಯಾದ ಹೆಸರನ್ನೂ ಬಲ್ಲವರು ಬಹುಮಟ್ಟಿಗೆ ಈ ಎರಡನೆಯ ಗುಂಪಿನವರೇ ಆಗಿರುವುದರಿಂದ, ಅವರು ಹೊರಗುಳಿದರೆ ನಷ್ಟ ತಂತ್ರಾಂಶದ ಕನ್ನಡಕ್ಕೇ ತಟ್ಟುತ್ತದೆ.

ಇದನ್ನೂ ನೋಡಿ

ಸ್ವತಂತ್ರ ತಂತ್ರಾಂಶ
ಲಿನಕ್ಸ್
ಯೂನಿಕೋಡ್
ಕನ್ನಡ ವಿಕಿಪೀಡಿಯ
ಓಪನ್‌ಸ್ಟ್ರೀಟ್‌ಮ್ಯಾಪ್
ಬೆಳಗಾವಿ
ಖಾನಾಪುರ
ಕಾಸರಗೋಡು